ಅಜ್ಜನ ಪಾಲಿನ ಕಾಫಿ

ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಗಂಡನಿಗೆ ಬೆಳಗಿನ ಕಾಫಿ ಮಾಡಿಕೊಡುವ ಹೆಂಗಸರು ಬೇಕಾದಷ್ಟು ಮಂದಿ ಇದ್ದರು. ಮಾಡಿದ ಕಾಫಿಯನ್ನು ಗಂಡನ ಕಣ್ಣೆದುರಿಗೆ ಮೊದಲು ತಾನು ಕುಡಿದು ತೋರಿಸಬೇಕಾಗಿದ್ದವಳು ಮಾತ್ರ ಸರಸು ಒಬ್ಬಳೇ ಇರಬೇಕು. ಬೆಲ್ಲ ಹಾಕಿ ಕುದಿಸಿದ ಕಪ್ಪು ಕಾಫಿ, ಕೊಡಗಿನವರು ಕುಡಿಯುವಂಥದ್ದು. ಅದನ್ನು ಅಚ್ಚಪ್ಪನ ಬಿಳಿ ಇನಾಮೆಲ್ ಮಗ್ಗಿಗೆ ಸುರಿದು, ಅದರಿಂದ ಒಂದು ಗುಟುಕಿನಷ್ಟನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡು, ಅವನ ಮುಂದೆ ನಿಂತು ನುಂಗಬೇಕು. ಅವನು ಅವಳ ಗಂಟಲನ್ನೇ ನೋಡುತ್ತಿದ್ದ. ನುಂಗಿದ್ದು ಖಾತ್ರಿಯಾದ ಮೇಲೆ ಮಗ್ಗಿಗೆ ಕೈ ಚಾಚುತ್ತಿದ್ದ.

ತನಗೆ ಯಾರೋ ವಿಷ ಹಾಕುತ್ತಿದ್ದಾರೆ ಎನ್ನುವುದೇ ಅಚ್ಚಪ್ಪನ ಕಾಯಿಲೆ. ಪಲ್ಟನ್ನಿನಲ್ಲಿದ್ದಾಗ ಶುರುವಾದದ್ದು. ಮೊದಲು ಲಂಗರಿನಲ್ಲಿ ಬಡಿಸುವ ದಾಲ್‌ನಲ್ಲಿ ವಿಷ ಕಂಡಿತು, ಆಮೇಲೆ ನೀರಿನ ಬಾಟಲಿಯಲ್ಲಿ, ಕೊನೆಗೆ ಹೆಂಡತಿಯ ಸಾರಿನಲ್ಲಿ. ಜೊತೆಗೆ, ಎಂದೋ ತೀರಿಕೊಂಡ ಅವನ ಅಜ್ಜ ಕಿವಿಯಲ್ಲಿ ಮಾತಾಡತೊಡಗಿದರು. ಸೇನೆಯವರು ಆಸ್ಪತ್ರೆಗೆ ಹಾಕಿ, ಮೆಡಿಕಲ್ ಬೋರ್ಡಿನ ಮುಂದೆ ಕೂರಿಸಿ, ಪೆನ್ಷನ್ ಕೊಟ್ಟು ಮನೆಗೆ ಕಳಿಸಿದರು. ಪುಣ್ಯಕ್ಕೆ ಸರಸು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದಳು, ಕ್ವಾರ್ಟರ್ಸ್ ಅವಳ ಹೆಸರಿನಲ್ಲೇ ಇತ್ತು. ಹುಣಸೂರಿನ ಕಡೆಯ ಹುಡುಗಿ ಕೊಡವರ ಹುಡುಗನನ್ನು ಮೆಚ್ಚಿ ಮದುವೆಯಾದಾಗ ಎರಡೂ ಕಡೆಯವರು ಮುಖ ತಿರುಗಿಸಿದ್ದರು. ಕಟ್ಟಿಕೊಂಡದ್ದನ್ನು ಅನುಭವಿಸಲಿ ಎಂದು ಕಾದು ಕೂತಿದ್ದವರ ಮುಂದೆ ಅಳುವ ಪೈಕಿ ಅವಳಲ್ಲ.

ಮಾತ್ರೆ ಎಂದರೆ ಅಚ್ಚಪ್ಪ ಹಲ್ಲು ಕಚ್ಚಿ ಹಿಡಿಯುತ್ತಿದ್ದ. ಕಡೆಗೆ ಒಬ್ಬ ಡಾಕ್ಟರು ಕಂದು ಬಣ್ಣದ ಸಣ್ಣ ಸೀಸೆಯೊಂದನ್ನು ಬರೆದುಕೊಟ್ಟರು. ನೀರಿನ ಹಾಗಿರುತ್ತದೆ, ರುಚಿಯಿಲ್ಲ, ವಾಸನೆಯಿಲ್ಲ, ಊಟದಲ್ಲೋ ಚಹಾದಲ್ಲೋ ಹನಿ ಹಾಕಿ, ಅವರಿಗೆ ಹೇಳಲೇಬೇಕು ಅಂತೇನಿಲ್ಲ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸರಸು ಸೀಸೆಯನ್ನು ಹುಣಸೆಹಣ್ಣಿನ ಜಾಡಿಯೊಳಗೆ ಹೂತಿಟ್ಟಳು. ಅಂದಿನಿಂದ ದಿನಾ ಬೆಳಗ್ಗೆ ಮಗ್ಗಿಗೆ ಮೊದಲು ಹನಿ, ಆಮೇಲೆ ಕಾಫಿ. ವಿಷ ಹಾಕುತ್ತಿದ್ದಾರೆ ಎನ್ನುವ ಭ್ರಮೆಯನ್ನು ಬಿಡಿಸಲು ಕದ್ದು ಮದ್ದು ಹಾಕುವುದರಲ್ಲಿರುವ ತಮಾಷೆ ಅವಳಿಗೆ ತಿಳಿಯದೆ ಇರಲಿಲ್ಲ. ಆದರೆ ತಮಾಷೆಗೆ ನಗಲು ಜೊತೆಗೊಬ್ಬರು ಬೇಕಲ್ಲ. ಅವಳು ಯಾರಿಗೂ ಹೇಳಿರಲಿಲ್ಲ.

ಮದ್ದು ಹಿಡಿಯಿತು. ಅಜ್ಜ ಮಾತು ನಿಲ್ಲಿಸಿದರು. ಅಚ್ಚಪ್ಪ ಬೂತಿಗೆ ಹೋಗಿ ಹಾಲು ತರುವ, ತರಕಾರಿ ಭಯ್ಯಾನ ಜೊತೆ ಚೌಕಾಸಿ ಮಾಡುವ, ಬಾಲ್ಕನಿಯ ಕುಂಡದಲ್ಲಿ ಗಾಂಧಾರಿ ಮೆಣಸು ಬೆಳೆಸುವ ಮನುಷ್ಯನಾದ. ಅಜ್ಜನ ವಿಷಯ ಮನೆಯಲ್ಲಿ ಎತ್ತಲೇಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಸರಸು ಅವರ ಫೋಟೋವನ್ನು ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಳು. "ಮನಸ್ಸು ಗಟ್ಟಿ ಮಾಡಿಕೊಂಡೆ, ಕಾಯಿಲೆ ಓಡಿಹೋಯ್ತು. ಸೋಲ್ಜರ್ ಅಂದ್ರೆ ಹಾಗಿರಬೇಕು," ಎಂದು ಅಚ್ಚಪ್ಪ ಮಗಳು ದಿಶಾಳಿಗೆ ಆಗಾಗ ಹೇಳುತ್ತಿದ್ದ. ಸರಸು ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. ದಿನದ ಆ ಒಂದು ಗುಟುಕಿನಿಂದ ಅವಳಿಗೇ ಬಾಯಿ ಒಣಗುತ್ತಿತ್ತು, ಕಚೇರಿಗೆ ಹೋಗುವ ಚಾರ್ಟರ್ಡ್ ಬಸ್ಸಿನಲ್ಲಿ ತೂಕಡಿಕೆ ಬರುತ್ತಿತ್ತು. ಸರಸೂಜಿಗೆ ಸಿಟ್ಟೇ ಬರುವುದಿಲ್ಲ ಎಂದು ಕಚೇರಿಯವರು ಹೊಗಳುತ್ತಿದ್ದರು.

ಹೀಗೆ ವರ್ಷಗಳು ಕಳೆದವು. 2006ರ ದೀಪಾವಳಿ ಮುಗಿದ ಮೇಲೆ ಅಚ್ಚಪ್ಪನ ಅಕ್ಕ ಚೋಂದಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ದೆಹಲಿಗೆ ಬಂದರು. ಮುಖ ತಿರುಗಿಸಿದ್ದವರಲ್ಲಿ ಮೊದಲು ಮುಖ ಕೊಟ್ಟವರೆಂದು ಸರಸುವಿಗೆ ಅವರ ಮೇಲೆ ಗೌರವ. ಬರುವಾಗ ಬಟ್ಟೆಯಲ್ಲಿ ಸುತ್ತಿ ಒಂದು ಹಿತ್ತಾಳೆಯ ತೂಗುದೀಪ ತಂದಿದ್ದರು.

"ನೋಡು ಸರಸು, ಇದು ನಮ್ಮ ಹಿರಿಯರ ದೀಪ. ಮನೆಯಲ್ಲಿ ಒಂದು ದೀಪ ಇಲ್ಲದಿದ್ದರೆ ಹೇಗೆ?"

ದೀಪ ತಾನೇ, ಉರಿಯಲಿ ಎಂದಳು ಸರಸು. ಹಜಾರದ ನೈಋತ್ಯ ಮೂಲೆಯಲ್ಲಿ, ಹಿಂದೆ ಆ ಮನೆಯಲ್ಲಿದ್ದವರು ಸೊಳ್ಳೆಪರದೆಗೆಂದು ಬಡಿದಿದ್ದ ಕೊಕ್ಕೆಗೆ ಅದನ್ನು ತೂಗುಹಾಕಿದರು. ಅಟ್ಟದಿಂದ ಅಜ್ಜನ ಫೋಟೋ ಇಳಿಸೋಣವೇ ಎಂದು ಚೋಂದಮ್ಮ ಕೇಳಿದಾಗ ಮಾತ್ರ ಅವಳು ಖಡಾಖಂಡಿತವಾಗಿ ಬೇಡವೆಂದಳು. ಚೋಂದಮ್ಮ ಮತ್ತೆ ಕೇಳಲಿಲ್ಲ. ಕೇಳಲಿಲ್ಲ ಎಂದರೆ ಒಪ್ಪಿಕೊಂಡರು ಎಂದು ತಿಳಿದದ್ದು ಸರಸುವಿನ ತಪ್ಪು.

ಆ ವರ್ಷ ದೆಹಲಿಯ ಮಂಜು ಬೇಗನೆ ಇಳಿಯಿತು. ಬೆಳಗ್ಗೆ ಎದುರಿನ ಬ್ಲಾಕು ಕಾಣುತ್ತಿರಲಿಲ್ಲ. ಬಾಲ್ಕನಿಯಲ್ಲಿ ನಿಂತರೆ ಕೆಳಗೆ ಯಾರೋ ನಡೆಯುವ ಸಪ್ಪಳ ಕೇಳುತ್ತಿತ್ತು, ನಡೆಯುವವರು ಕಾಣುತ್ತಿರಲಿಲ್ಲ. ಅಂಥ ಒಂದು ಬೆಳಗ್ಗೆ ಅಚ್ಚಪ್ಪ ಹೊರಗೆ ಹೋಗಲು ಚಪ್ಪಲಿ ಮೆಟ್ಟಿದವನು ಹಾಗೇ ನಿಂತು, ತಲೆ ವಾರೆ ಮಾಡಿ ಏನನ್ನೋ ಆಲಿಸಿದ. ತುಟಿ ಸ್ವಲ್ಪ ಅಲುಗಿತು. ಆ ವಾರೆಯನ್ನು ಸರಸು ಹತ್ತು ವರ್ಷದಿಂದ ನೋಡಿರಲಿಲ್ಲ.

"ಏನ್ರೀ?"

"ಏನಿಲ್ಲ. ಯಾರೋ ಕೆಮ್ಮಿದ ಹಾಗಾಯ್ತು."

ಅಜ್ಜ ಯಾವ ಕೋಣೆಗೇ ಬರಲಿ, ಬಾಗಿಲಲ್ಲಿ ನಿಂತು ಎರಡು ಸಲ ಒಣಗೆಮ್ಮು ಕೆಮ್ಮಿಯೇ ಒಳಗೆ ಕಾಲಿಡುತ್ತಿದ್ದರಂತೆ. ಕಾಯಿಲೆ ಜೋರಾಗಿದ್ದ ದಿನಗಳಲ್ಲಿ ಅಚ್ಚಪ್ಪ ಹೇಳಿದ್ದ. ಮರುದಿನ ಸರಸು ಮಗ್ಗಿಗೆ ಒಂದೆರಡು ಹನಿ ಹೆಚ್ಚು ಹಾಕಿದಳು. ಡಾಕ್ಟರ ಹತ್ತಿರ ಹೋದರೆ ರೋಗಿಯನ್ನು ಕರೆತನ್ನಿ ಎನ್ನುತ್ತಾರೆ, ಕರೆದರೆ ರೋಗಿ ಯಾಕೆ ಎಂದು ಕೇಳುತ್ತಾನೆ. ಆಮೇಲೆ ಇನ್ನೆರಡು ಹನಿ ಹೆಚ್ಚಾಯಿತು. ಏನು ಮಾಡಿದರೂ ಅಚ್ಚಪ್ಪ ಸುಧಾರಿಸಲಿಲ್ಲ. ಕಿಟಕಿಯ ಸಂದುಗಳಿಗೆ ಹಳೆಯ ಬಟ್ಟೆ ತುರುಕಿದ. ಸಂಜೆ ಹೊತ್ತು ದೀಪದ ಮೂಲೆಗೆ ಮುಖ ಮಾಡಿ ಕೂತು, ಯಾರಿಗೋ ಉತ್ತರ ಕೊಡುವವನಂತೆ ಹೂಂಗುಟ್ಟುತ್ತಿದ್ದ. ಸೀಸೆಯ ಮದ್ದಿಗೆ ಕಸುವು ಹೋಗಿರಬೇಕೆಂದು ಸರಸು ಹೊಸ ಸೀಸೆ ತಂದಳು. ಕೊನೆಕೊನೆಗೆ ಅವಳು ಎಣಿಸುವುದನ್ನೇ ಬಿಟ್ಟು, ಹನಿ ಹಾಕುವ ಕೊಳವೆಯ ರಬ್ಬರನ್ನು ಹಿಚುಕಿ ಬಂದಷ್ಟು ಬರಲಿ ಎಂದು ಹಾಕುತ್ತಿದ್ದಳು. ಮಗ್ಗು ಸಂಜೆ ಬಂದು ನೋಡಿದರೆ ಖಾಲಿ, ತೊಳೆದು ಬೋರಲು ಹಾಕಿರುತ್ತಿತ್ತು. ತನಗೆ ಒಂದು ಗುಟುಕಿಗೇ ಕಣ್ಣು ಎಳೆಯುತ್ತದೆ, ಇಷ್ಟು ಮದ್ದು ಒಂದು ಆನೆಯನ್ನು ಕೆಡವೀತು, ಇವನಿಗೆ ಒಂದು ಆಕಳಿಕೆಯೂ ಬರುವುದಿಲ್ಲವಲ್ಲ ಎಂದು ಅವಳಿಗೆ ಭಯವಾಯಿತು.

ಅಷ್ಟರಲ್ಲಿ ದಿಶಾ ಬದಲಾಗತೊಡಗಿದಳು.

ಹನ್ನೆರಡನೇ ಕ್ಲಾಸಿನ ಹುಡುಗಿ, ಬೋರ್ಡ್ ಪರೀಕ್ಷೆಗೆ ಓದಲು ಮನೆಯಲ್ಲೇ ಇರುತ್ತಿದ್ದಳು. ಅರಳು ಹುರಿದಂತೆ ಹಿಂದಿ, ಇಂಗ್ಲಿಷ್, ನಡುವೆ ಹರುಕುಮುರುಕು ಕನ್ನಡ. ಆ ಮಾತು ಒಂದೊಂದೇ ಪದಕ್ಕೆ ಇಳಿಯಿತು. ಮುಖದಲ್ಲಿ ನಗುವೂ ಇಲ್ಲ, ಸಿಡುಕೂ ಇಲ್ಲ, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಒಂದು ನೆರಿಗೆಯೂ ಇಲ್ಲ. ದಿಂಬಿನ ಮೇಲೆ ಜೊಲ್ಲಿನ ಕಲೆ. ಕೂತರೆ ಕಾಲು ಸುಮ್ಮನಿರದು, ಎದ್ದರೆ ಕೈ ಬೀಸದೆ, ಪಾದ ಎಳೆಯುತ್ತ, ಸಣ್ಣ ಹೆಜ್ಜೆ ಇಡುತ್ತಾಳೆ. ಅವಳ ಬರವಣಿಗೆ ನೋಡಿ ಸರಸು ಬೆಚ್ಚಿದಳು. ದಪ್ಪ ದುಂಡಕ್ಷರ ಬರೆಯುತ್ತಿದ್ದವಳ ಸಾಲು ಹೋಗ್ತಾ ಹೋಗ್ತಾ ಇರುವೆ ಗಾತ್ರಕ್ಕೆ ಇಳಿದು, ಕೊನೆಗೆ ಬರೀ ಗೀಟಾಗಿತ್ತು.

"ಏನಾಗ್ತಿದೆ ಪುಟ್ಟಿ?"

"ಪತಾ ನಹೀ, ಗೊತ್ತಾಗ್ತಿಲ್ಲ ಅಮ್ಮ. ಒಳಗೆ ಯಾರೋ... ಹಿಡ್ಕೊಂಡಿದಾರೆ. ಹಾಗೆ ಅನ್ನಿಸುತ್ತೆ."

ಈ ಮಾತನ್ನು ಬಾಗಿಲ ಬಳಿ ನಿಂತ ಚೋಂದಮ್ಮನೂ ಕೇಳಿಸಿಕೊಂಡರು. ಆಪರೇಷನ್ನಿನ ಹಸಿರು ಪಟ್ಟಿಯ ಪಕ್ಕದಲ್ಲಿ ಅವರ ಇನ್ನೊಂದು ಕಣ್ಣು ದಿಶಾಳ ಪಾದಗಳನ್ನೇ ನೋಡುತ್ತಿತ್ತು. ಅಡುಗೆಮನೆಗೆ ಬಂದು ಮೆಲ್ಲಗೆ ಅಂದರು:

"ಸರಸು, ನೀನು ನಮ್ಮ ಅಜ್ಜನನ್ನು ನೋಡಿಲ್ಲ. ಕೊನೇ ವರ್ಷಗಳಲ್ಲಿ ಅವರು ಹೀಗೇ ನಡೀತಿದ್ದರು. ಇದೇ ಹೆಜ್ಜೆ. ಇದೇ ಮುಖ."

"ಅತ್ತಿಗೆ, ದಯವಿಟ್ಟು ಈ ಮಾತು ಇವರ ಮುಂದೆ ಆಡಬೇಡಿ."

"ಅವನಿಗೆ ನಾನು ಹೇಳಬೇಕಾ? ಅವನೇ ನನಗೆ ಹೇಳಿದ್ದು."

ಸರಸುವಿಗೆ ಅಜ್ಜನ ಭಯವಿರಲಿಲ್ಲ, ರಕ್ತದ ಭಯವಿತ್ತು. ಈ ಕಾಯಿಲೆ ಮಕ್ಕಳಿಗೂ ಬರಬಹುದು, ಬಂದರೆ ಇದೇ ವಯಸ್ಸಿನಲ್ಲಿ ಎಂದು ಡಾಕ್ಟರೊಬ್ಬರು ಎಂದೋ ಹೇಳಿದ್ದರು. ಒಳಗೆ ಯಾರೋ ಹಿಡಿದುಕೊಂಡಿದ್ದಾರೆ ಎಂದು ಅಚ್ಚಪ್ಪನೂ ಮೊದಲ ಸಲ ಅಂದದ್ದು ಅವಳಿಗೆ ನೆನಪಿತ್ತು. ಕಚೇರಿಯಲ್ಲಿ ಫೈಲು ತೆರೆದರೆ ಅಕ್ಷರ ಇರುವೆಯಾಗುತ್ತಿತ್ತು. ಗಂಡನನ್ನು ಕೊಟ್ಟಾಯಿತು, ಮಗಳನ್ನೂ ಕೊಡಬೇಕೇ? ಯಾರ ಮುಂದೆಯೂ ಅಳದವಳು ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತಳು.

ಅತ್ತು ಮುಗಿಸಿ ಮನೆಗೆ ಬಂದವಳು, ಹುಣಸೆಹಣ್ಣಿನ ಜಾಡಿಗೆ ಕೈ ಹಾಕಿದಳು. ಗಂಡನಿಗೆ ಹಾಕಿ ಪಳಗಿದ ಕೈ ಮಗಳ ಹಾಲಿನ ಲೋಟಕ್ಕೂ ಹನಿ ಹಾಕಿತು. ಬೇಗ ಹಿಡಿದರೆ ಬೇಗ ಬಿಡುತ್ತದೆ, ಪರೀಕ್ಷೆ ಮುಗಿದೊಡನೆ ಡಾಕ್ಟರಿಗೆ ತೋರಿಸಿದರಾಯಿತು ಎಂದುಕೊಂಡಳು. ಅದು ಜನವರಿ ಇಪ್ಪತ್ತೈದರ ಸಂಜೆ. ಮರುದಿನ ಬೆಳಗ್ಗೆ ಇನ್ನೊಂದು ಲೋಟ ಹಾಲಿಗೂ ಹಾಕಿದಳು.

ಜನವರಿ ಇಪ್ಪತ್ತಾರು ಆ ಮನೆಗೆ ಹಬ್ಬ. ಅಚ್ಚಪ್ಪ ನಸುಕಿನಲ್ಲೇ ಎದ್ದು ಕ್ಷೌರ ಮಾಡಿಕೊಂಡು, ಹಳೆಯ ಬ್ಲೇಜರಿಗೆ ಮೆಡಲುಗಳನ್ನು ಸಿಕ್ಕಿಸಿ, ಬೂಟು ತೊಟ್ಟು, ಟಿವಿಯ ಮುಂದೆ ಕೂರುತ್ತಿದ್ದ. ತನ್ನ ಪಲ್ಟನ್ನು ಬಂದಾಗ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತಿದ್ದ. ಆ ದಿನವೂ ಕೂತ. ಸರಸು ಅವನ ಮಗ್ಗಿನಿಂದ ತನ್ನ ಗುಟುಕು ಕುಡಿದು ತೋರಿಸಿ, ಮಗ್ಗನ್ನು ಕೈಗಿತ್ತು, ತಿಂಡಿಯ ಪಾಪುಟ್ಟಿಗೆ ಅಕ್ಕಿತರಿ, ಕಾಯಿತುರಿ ಕಲಸಲು ಅಡುಗೆಮನೆಗೆ ಹೋದಳು. ಬಂದು ನೋಡಿದಾಗ ಮಗ್ಗು ಖಾಲಿಯಿತ್ತು. ಚೋಂದಮ್ಮ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ದಿಶಾ ರಜಾಯಿ ಹೊದ್ದು ಸೋಫಾದ ತುದಿಯಲ್ಲಿ ಕುಳಿತಿದ್ದಳು.

ಹೊರಗೆ ಮಂಜು ಕಿಟಕಿಗೇ ಅಂಟಿಕೊಂಡಿತ್ತು. ಟಿವಿಯಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಅಚ್ಚಪ್ಪ ಎದ್ದು ನಿಂತು ಕೈ ಹಣೆಗೆತ್ತಿದ. ಆಗ ದಿಶಾಳ ತಲೆ ಮೆಲ್ಲಗೆ ಎಡಕ್ಕೆ ತಿರುಗತೊಡಗಿತು.

ಯಾರೋ ಕರೆದರೆ ತಿರುಗುವಂತಿರಲಿಲ್ಲ ಅದು. ಯಾರೋ ಗಲ್ಲ ಹಿಡಿದು ತಿರುಗಿಸುವಂತಿತ್ತು. ಭುಜದ ತನಕ ತಿರುಗಿತು, ನಿಲ್ಲಲಿಲ್ಲ, ಇನ್ನೂ ತಿರುಗಿತು. ಕುತ್ತಿಗೆಯ ನರ ಹಗ್ಗವಾಯಿತು. ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ಕಣ್ಣುಗುಡ್ಡೆಗಳು ಮೇಲಕ್ಕೇರಿ ಮೂಲೆಯ ದೀಪದ ಹತ್ತಿರ ನೆಟ್ಟವು. ಬಾಯಿ ಒಂದು ಬದಿಗೆ ಸೊಟ್ಟಗಾಗಿ, ನಾಲಿಗೆ ದಪ್ಪವಾಗಿ ಹೊರಬಿತ್ತು. ಗಂಟಲಿನಿಂದ ಒಣದಾಗಿ ಒಂದು ಸದ್ದು ಬಂತು. ಸ್ವಲ್ಪ ತಡೆದು ಇನ್ನೊಂದು.

ಎರಡು ಕೆಮ್ಮು.

ಅಚ್ಚಪ್ಪನ ಕೈ ಹಣೆಯಲ್ಲೇ ಉಳಿಯಿತು. ಟಿವಿಯತ್ತ ಇದ್ದ ಸೆಲ್ಯೂಟು ನಿಧಾನವಾಗಿ ಮಗಳ ಕಡೆಗೆ ತಿರುಗಿತು. ಆಮೇಲೆ ಅವನು ಮೆಡಲು ಝಣಗುಟ್ಟಿಸುತ್ತ ಮಂಡಿಯೂರಿ ಅವಳ ಪಾದ ಹಿಡಿದ.

"ಬಂದಿರಾ ಅಜ್ಜ," ಅಂದ. ಅವನ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. ಬರುತ್ತೇನೆಂದು ಹೇಳಿ ಕಳಿಸಿದವರು ಬಂದ ಹಾಗಿತ್ತು.

ಚೋಂದಮ್ಮ ಸೆರಗು ಸರಿಮಾಡಿಕೊಂಡು ಕೈ ಮುಗಿದರು. "ಗುರು ಕಾರೋಣ ಬಂದಿದ್ದಾರೆ, ನಮ್ಮ ಮನೆತನದ ಹಿರಿಯರು. ಸರಸು, ಟಿವಿ ಆರಿಸು."

ಸರಸು ಆರಿಸಿದಳು. ಅದು ಅವಳನ್ನು ಬಹಳ ದಿನ ಕಾಡಿತು. ಓದಿದವಳು, ಕಚೇರಿಗೆ ಹೋಗುವವಳು, ಹೇಳಿದೊಡನೆ ಟಿವಿ ಆರಿಸಿ ಗೋಡೆಗೊರಗಿ ನಿಂತಳು. ಬ್ಯಾಂಡು ನಿಂತ ಮೌನದಲ್ಲಿ ದೀಪದ ಬತ್ತಿ ಚಟಪಟ ಅನ್ನುವುದು ಕೇಳಿಸಿತು. ಆ ಒಂದು ಗಳಿಗೆ ಅವಳೂ ನಂಬಿದಳು. ಮೂಲೆಯಲ್ಲಿ ಒಬ್ಬ ಮುದುಕ ನಿಂತಿದ್ದಾನೆ, ಇಷ್ಟು ವರ್ಷ ಅಟ್ಟದಲ್ಲಿ ಪೇಪರು ಸುತ್ತಿಸಿಕೊಂಡು ಮಲಗಿದ್ದವನು ಈಗ ಇಳಿದಿದ್ದಾನೆ, ತನ್ನ ಮಗಳ ಕಣ್ಣು ಅವನನ್ನೇ ನೋಡುತ್ತಿದೆ.

ಆಗ ದಿಶಾಳ ಕೆನ್ನೆ ಅವಳ ಕಣ್ಣಿಗೆ ಬಿತ್ತು. ಕಣ್ಣು ಮೇಲಕ್ಕೆ ನೆಟ್ಟಿತ್ತು, ಆದರೆ ನೀರು ಕೆಳಗೆ ಹರಿಯುತ್ತಿತ್ತು. ಬಲಗೈ ರಜಾಯಿಯೊಳಗಿಂದ ಹೊರಬಂದು ಗಾಳಿಯಲ್ಲಿ ತಡಕಾಡುತ್ತಿತ್ತು, ಚಿಕ್ಕಂದಿನಲ್ಲಿ ಜ್ವರ ಬಂದಾಗ ಅಮ್ಮನ ಸೆರಗಿಗೆ ತಡಕಾಡುತ್ತಿದ್ದ ಹಾಗೆ. ಅಲ್ಲಿ ಯಾವ ಅಜ್ಜನೂ ಇರಲಿಲ್ಲ. ಅಲ್ಲಿ ಹೆದರಿದ ಒಂದು ಹುಡುಗಿ ಇದ್ದಳು, ಪೂರ್ತಿ ಎಚ್ಚರವಾಗಿ.

ಜೊತೆಗೆ ಇನ್ನೊಂದು ನೆನಪು ನುಗ್ಗಿಬಂತು. ಸೇನೆಯ ಆಸ್ಪತ್ರೆ, ಕಬ್ಬಿಣದ ಮಂಚ, ಮದ್ದು ಶುರು ಮಾಡಿದ ಹೊಸತು. ಅಚ್ಚಪ್ಪನ ಕುತ್ತಿಗೆ ಇದೇ ರೀತಿ ತಿರುಚಿತ್ತು, ಕಣ್ಣು ಇದೇ ರೀತಿ ಮೇಲೇರಿತ್ತು. ನರ್ಸು ಓಡಿಬಂದು ಬೇರೊಂದು ಇಂಜೆಕ್ಷನ್ ಚುಚ್ಚಿದ ಮೇಲೆ ಇಳಿದಿತ್ತು. ಕಾಯಿಲೆಯಲ್ಲಮ್ಮ, ಮದ್ದು ಹೆಚ್ಚಾಗಿದೆ ಅಷ್ಟೇ ಎಂದಿದ್ದರು. ಎರಡು ಲೋಟ ಹಾಲಿಗೆ ತಾನು ಹಾಕಿದ್ದು ನಾಲ್ಕಾರು ಹನಿ. ಅಷ್ಟಕ್ಕೇ ಹೀಗಾಗುತ್ತದೆಯೇ?

ಅಷ್ಟರಲ್ಲಿ ಚೋಂದಮ್ಮ ದೀಪದ ಕೆಳಗಿನ ಮಣೆಯ ಹಿಂದಿನಿಂದ ಒಂದು ಕಂಚಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಅದರ ತುಂಬ ಕಪ್ಪು ಕಾಫಿ.

"ಅಚ್ಚಪ್ಪ, ಇವತ್ತಿನ ಮೀದಿ ಇನ್ನೂ ಕೊಟ್ಟಿರಲಿಲ್ಲ. ಅದಕ್ಕೇ ತಾವೇ ಬಂದಿದ್ದಾರೆ. ಕುಡಿಸು, ಸಮಾಧಾನ ಆಗಲಿ."

ಮೀದಿ ಎಂದರೆ ಹಿರಿಯರ ಪಾಲು ಎಂದು ಸರಸುವಿಗೆ ಗೊತ್ತಿತ್ತು. ಮನೆಯಲ್ಲಿ ಉಂಡದ್ದು ಕುಡಿದದ್ದರಲ್ಲಿ ಮೊದಲ ಪಾಲನ್ನು ದೀಪದ ಬಳಿ ಅವರ ಹೆಸರಿನಲ್ಲಿ ಇಡುವುದು, ಆಮೇಲೆ ಅದನ್ನು ಚೆಲ್ಲದೆ ಮನೆಯವರೇ ಒಬ್ಬರು ತೆಗೆದುಕೊಳ್ಳುವುದು. ಗೊತ್ತಿರದಿದ್ದದ್ದು, ಅದು ತನ್ನ ಮನೆಯಲ್ಲೇ ಎರಡು ತಿಂಗಳಿನಿಂದ ನಡೆಯುತ್ತಿತ್ತು ಎನ್ನುವುದು.

"ಅದು ಯಾವ ಕಾಫಿ, ಅತ್ತಿಗೆ?"

"ಅಚ್ಚಪ್ಪನದೇ. ನಿನಗೆ ಹೇಳಿದರೆ ನೀನು ಬೇಡ ಅಂತಿದ್ದೆ. ಅವನ ಮಗ್ಗಿನದನ್ನ ಅಜ್ಜನಿಗೆ ಇಡ್ತಾನೆ, ನಾನು ಬೇರೆ ಮಾಡಿಕೊಟ್ಟದ್ದನ್ನ ತಾನು ಕುಡೀತಾನೆ. ಇಟ್ಟದ್ದನ್ನ ದಿಶಾ ಕುಡೀತಾಳೆ. ಮನೆಗೆ ಒಬ್ಬಳೇ ಮಗು, ಅವಳಿಗಲ್ಲದೆ ಇನ್ಯಾರಿಗೆ?"

ಸರಸುವಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಗಂಡನಿಗೆ ಯಾಕೆ ಮದ್ದು ನಾಟಲಿಲ್ಲ, ಮಗಳು ಯಾಕೆ ಮುದುಕನಂತೆ ನಡೆದಳು. ಆನೆಯನ್ನು ಕೆಡವುವಷ್ಟು ಮದ್ದು ಯಾರ ಹೊಟ್ಟೆಗೆ ಹೋಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬಟ್ಟಲು ದಿಶಾಳ ಸೊಟ್ಟಬಾಯಿಯ ಹತ್ತಿರ ಬಂದಿತ್ತು. ಅವಳು ಮುನ್ನುಗ್ಗಿ ಅದನ್ನು ಕೈಯಿಂದ ಬಡಿದಳು. ಕಾಫಿ ರಜಾಯಿಯ ಮೇಲೆ ಚೆಲ್ಲಿ ಕಪ್ಪಗೆ ಹರಡಿತು.

"ಅಪಚಾರ," ಎಂದು ಚೋಂದಮ್ಮ ಹಿಂದೆ ಸರಿದರು.

"ಆಸ್ಪತ್ರೆಗೆ ನಡೀರಿ. ಈಗಲೇ. ಎತ್ತಿಕೊಳ್ಳಿ ಅವಳನ್ನ."

ಅಚ್ಚಪ್ಪ ಎದ್ದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಇಲ್ಲ. ಕಾರೋಣ ಬಂದ ಮೈಯನ್ನ ಹೊಸಿಲು ದಾಟಿಸೋ ಹಾಗಿಲ್ಲ. ದಾಟಿಸಿದರೆ ಅವರ ಜೊತೆ ಇವಳೂ ಹೋಗ್ತಾಳೆ. ಅಜ್ಜ ಹೇಳಿದ್ದಾರೆ."

"ಇದು ಅಜ್ಜ ಅಲ್ಲ ರೀ. ಕಾಯಿಲೆ."

"ಯಾವ ಕಾಯಿಲೆ? ಹೇಳು."

ದಿಶಾಳ ಉಸಿರು ಸಿಳ್ಳೆಯಂತೆ ಎಳೆಯತೊಡಗಿತ್ತು. ಗಂಟಲೂ ಬಿಗಿಯುತ್ತಿದೆ ಎಂದು ಸರಸುವಿಗೆ ಅರ್ಥವಾಯಿತು. ಬಾಗಿಲಿನಿಂದ ಅವನನ್ನು ಸರಿಸುವ ಬಲ ಅವಳ ತೋಳಿಗಿರಲಿಲ್ಲ. ಅವನನ್ನು ಸರಿಸಬಲ್ಲ ಮಾತು ಒಂದೇ ಒಂದು ಇತ್ತು, ಅದನ್ನು ಆಡಿದರೆ ಅವನ ಹುಚ್ಚಿನ ಬುಡದಲ್ಲಿರುವ ಭಯವೇ ನಿಜ ಎಂದು ಅವಳ ಬಾಯಿಯಿಂದಲೇ ಒಪ್ಪಿಕೊಂಡ ಹಾಗೆ. ಆಮೇಲೆ ಈ ಜನ್ಮದಲ್ಲಿ ಅವನು ಅವಳ ಕೈಯಿಂದ ನೀರು ಕೂಡ ಮುಟ್ಟಲಿಕ್ಕಿಲ್ಲ. ಆಡದಿದ್ದರೆ ಮಗಳಿಲ್ಲ.

"ಆ ಕಾಫಿಯಲ್ಲಿ ಮದ್ದು ಇದೆ," ಅಂದಳು. "ನಾನೇ ಹಾಕಿದ್ದು. ನಿಮಗೆ ಅಂತ. ದಿನಾ ಹಾಕ್ತೀನಿ. ಮೊದಲಿಂದಲೂ."

ಅಚ್ಚಪ್ಪ ಅವಳ ಗಂಟಲನ್ನು ನೋಡಿದ. ಪ್ರತಿ ಬೆಳಗ್ಗೆ ನೋಡುತ್ತಿದ್ದ ಹಾಗೆಯೇ. ಅವನು ಕೂಗಾಡಲಿಲ್ಲ, ಅವಳ ಮೇಲೆ ಏರಿಬರಲಿಲ್ಲ. ಮುಖದಲ್ಲಿ ಎಷ್ಟೋ ದಿನದಿಂದ ಇಲ್ಲದ ಒಂದು ತಿಳಿ ಮೂಡಿತು. ಅದು ಕೂಗಾಟಕ್ಕಿಂತ ಭಯಂಕರವಾಗಿತ್ತು.

"ಹಾಗಾದ್ರೆ ನಿಜ," ಅಂದ.

ಮೆಡಲು ಹಾಕಿದ ಬ್ಲೇಜರಿನಲ್ಲೇ ಮಗಳನ್ನು ರಜಾಯಿ ಸಮೇತ ಎತ್ತಿಕೊಂಡು, ಮೆಟ್ಟಿಲಿಳಿದು, ಮಂಜಿನೊಳಗೆ ಹೋದ. ಸರಸು ಹುಣಸೆಹಣ್ಣಿನ ಜಾಡಿಯಿಂದ ಸೀಸೆ ಕಿತ್ತುಕೊಂಡು ಹಿಂದೆ ಓಡಿದಳು. ಅವನ ಬೂಟಿನ ಸದ್ದು ಮುಂದೆ ಕೇಳುತ್ತಿತ್ತು, ಅವನು ಕಾಣುತ್ತಿರಲಿಲ್ಲ. ಗೇಟಿನ ಬಳಿ ಬಂದಾಗ ಅವನು ಆಟೋದ ಭಯ್ಯಾನನ್ನು ಆಗಲೇ ಎಬ್ಬಿಸಿ ಕೂತಿದ್ದ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಒಬ್ಬ ಎಳೆ ವಯಸ್ಸಿನ ಡಾಕ್ಟರು ದಿಶಾಳನ್ನು ನೋಡಿದ, ಸರಸು ಚಾಚಿದ ಜಿಗುಟು ಸೀಸೆಯನ್ನು ನೋಡಿದ, ಹೆಚ್ಚೇನೂ ಕೇಳದೆ ಇಂಜೆಕ್ಷನ್ ಚುಚ್ಚಿದ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಕುತ್ತಿಗೆಯ ಹಗ್ಗ ಸಡಿಲಾಯಿತು. ಕಣ್ಣು ಕೆಳಗಿಳಿದು, ಸುತ್ತ ಹುಡುಕಿ, ಅಮ್ಮನ ಮೇಲೆ ನಿಂತಿತು. ದಿಶಾ ಬಿಕ್ಕಿ ಬಿಕ್ಕಿ ಅತ್ತಳು. ಆ ಅಳುವಿನಲ್ಲಿ ಅವಳ ಮುಖ ಸುಕ್ಕುಗಟ್ಟಿದ್ದು ಕಂಡು ಸರಸುವಿಗೆ ಜೀವ ಬಂದಂತಾಯಿತು. ಎದೆಗೆ ವೈರು ಹಚ್ಚಿ ಹೃದಯ ನೋಡಿದರು. ಮದ್ದು ಮೈಯಿಂದ ಇಳಿಯುವ ತನಕ, ಜ್ವರ ಏರುತ್ತದೆಯೇ, ಮೈ ಮರಗಟ್ಟುತ್ತದೆಯೇ ಎಂದು ನೋಡಲು ವಾರ್ಡಿನಲ್ಲಿರಬೇಕು ಎಂದರು. ಯಾರು ಕೊಟ್ಟದ್ದು, ಎಷ್ಟು ಎಂದು ಕೇಳಿದಾಗ ಸರಸು ಎಲ್ಲ ಹೇಳಿದಳು, ಹಾಲಿನ ಲೋಟದ್ದನ್ನೂ. ಎಳೆ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬೆಂಚಿನ ಮೇಲೆ ಅಚ್ಚಪ್ಪ ನೆಟ್ಟಗೆ ಕೂತಿದ್ದ. ಅವಳು ತುದಿಯಲ್ಲಿ ಕೂತಳು.

"ಎಷ್ಟು ವರ್ಷದಿಂದ?" ಎಂದು ಕೇಳಿದ.

"ದಿಶಾ ಸ್ಕೂಲಿಗೆ ಸೇರಿದಾಗಿಂದ."

"ಮನಸ್ಸು ಗಟ್ಟಿ ಮಾಡಿಕೊಂಡೆ ಅಂತ ಊರಿಗೆಲ್ಲ ಹೇಳಿದೆ ನಾನು."

ಹತ್ತು ವರ್ಷ ಅವನು ಮೆಡಲಿನಂತೆ ಎದೆಗೆ ಸಿಕ್ಕಿಸಿಕೊಂಡಿದ್ದದ್ದನ್ನು ಅವಳು ಕಿತ್ತುಕೊಂಡಿದ್ದಳು.

"ಅಜ್ಜ ಹೇಳ್ತಾನೇ ಇದ್ದರು," ಅಚ್ಚಪ್ಪ ಮೆಲ್ಲಗೆ ಅಂದ. "ಆ ಮಗ್ಗಿನದು ನೀನು ಕುಡೀಬೇಡ, ನನಗೆ ಕೊಡು, ನಿನ್ನ ಪಾಲಿನದು ನಾನು ತಗೋತೀನಿ ಅಂತ. ಅವರೇ ತಗೋತಿದ್ದಾರೆ ಅಂದ್ಕೊಂಡೆ. ಮಗು ತಗೋತಿತ್ತು." ಅವಳ ಕಡೆ ತಿರುಗಿದ. "ಆದರೆ ನೋಡು ಸರಸು, ಅವರು ಹೇಳಿದ್ದು ಸುಳ್ಳಾಗಲಿಲ್ಲ."

ಕಾರಿಡಾರಿನಲ್ಲಿ ಹೀಟರು ಇರಲಿಲ್ಲ. ಸರಸು ಶಾಲಿನೊಳಗೆ ಕೈ ಹುದುಗಿಸಿ ಕೂತಳು. ಹುಚ್ಚನಿಗೆ ಕೇಳುವ ದನಿ ಹುಚ್ಚು ಎಂದು ಇಷ್ಟು ದಿನ ಧೈರ್ಯವಾಗಿದ್ದಳು. ಆ ದನಿ ಈಗ ಒಂದು ನಿಜ ಹೇಳಿಬಿಟ್ಟಿತ್ತು, ಇನ್ನು ಅದು ಹೇಳಿದ್ದನ್ನೆಲ್ಲ ಅವನು ನಂಬುತ್ತಾನೆ.

ದಿಶಾ ಕೆಲವು ದಿನಗಳಲ್ಲಿ ಮನೆಗೆ ಬಂದಳು. ಕೈ ಬೀಸಿ ನಡೆಯತೊಡಗಿದಳು, ಅಕ್ಷರ ದುಂಡಗಾಯಿತು. ಮಾತು ಮಾತ್ರ ಮೊದಲಿನಷ್ಟು ಬರಲಿಲ್ಲ, ಸುಮ್ಮನೆ ಕೂತು ಎಲ್ಲರನ್ನೂ ನೋಡುತ್ತಿದ್ದಳು. ಚೋಂದಮ್ಮ ಊರಿಗೆ ಹೊರಟರು. ದೀಪವನ್ನು ಕಟ್ಟಿಕೊಳ್ಳಲು ಹೋದಾಗ ಅಚ್ಚಪ್ಪ ಬಿಡಲಿಲ್ಲ. ಅವನು ಹೆಂಡತಿಯ ಕೈಯಡುಗೆ ಬಿಟ್ಟಿದ್ದ. ತಾನೇ ಸಿಪ್ಪೆ ಸುಲಿದ ಹಣ್ಣು, ತಾನೇ ಒಡೆದ ಮೊಟ್ಟೆ, ಅಷ್ಟರಲ್ಲೇ ದಿನ ತೆಗೆಯುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು, ತುಟಿ ಸದಾ ಅಲುಗುತ್ತಿತ್ತು. ಹೀಗೇ ಬಿಟ್ಟರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಅಲ್ಲಿಂದ ಈ ಸಲ ವಾಪಸು ಬರುವನೋ ಇಲ್ಲವೋ ಎಂದು ಸರಸುವಿಗೆ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಅವಳು ನಿಶ್ಚಯ ಮಾಡಿ ಸೀಸೆಯನ್ನು ಮೇಜಿನ ಮೇಲೆ ಇಟ್ಟಳು. ಪಕ್ಕದಲ್ಲಿ ಕಾಫಿ ತುಂಬಿದ ಬಿಳಿ ಮಗ್ಗು.

"ಇನ್ನು ಮೇಲೆ ನಿಮಗೆ ಗೊತ್ತಿಲ್ಲದೆ ಈ ಮನೆಯಲ್ಲಿ ಏನೂ ನಡೆಯಲ್ಲ," ಅಂದಳು. "ಡಾಕ್ಟರು ಹೇಳಿದಷ್ಟೇ ಹನಿ, ನಿಮ್ಮ ಕಣ್ಣೆದುರು ಹಾಕ್ತೀನಿ. ಕುಡೀರಿ, ಬಿಡಿ, ನಿಮಗೆ ಬಿಟ್ಟದ್ದು."

ಅವನು ನೋಡುತ್ತಿದ್ದಂತೆ ಹಾಕಿದಳು. ವಾಡಿಕೆಯ ಪ್ರಕಾರ ಒಂದು ಗುಟುಕು ತನ್ನ ಲೋಟಕ್ಕೆ ಬಗ್ಗಿಸಿ ನುಂಗಿದಳು. ಅಚ್ಚಪ್ಪ ಈ ಸಲ ಅವಳ ಗಂಟಲನ್ನು ನೋಡಲಿಲ್ಲ. ಮಗ್ಗು ಹಿಡಿದು ದೀಪದ ಮೂಲೆಗೆ ತಿರುಗಿದ.

"ಅಜ್ಜ, ಕುಡೀಲಾ?"

ಯಾರ ಬಾಯಿ ಮುಚ್ಚಿಸಲು ಮದ್ದೋ, ಅವರದ್ದೇ ಅಪ್ಪಣೆ ಕೇಳುತ್ತಿದ್ದ. ಅವನು ತಲೆ ವಾರೆ ಮಾಡಿ ಕಾದ. ಕಾಫಿಯ ಹಬೆ ಅವನ ಮುಖಕ್ಕೆ ಹೊಡೆಯುತ್ತಿತ್ತು. ಆ ಮೂಲೆಗೆ ಎಂದೂ ಕೈ ಮುಗಿಯದ ಸರಸು ಸೆರಗಿನೊಳಗೆ ಕೈ ಜೋಡಿಸಿದಳು. ಅಜ್ಜ, ನೀವು ಇದ್ದರೆ ಕುಡಿ ಅನ್ನಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಕೆಮ್ಮು ಕೇಳಿಸಿತು. ಒಣಗೆಮ್ಮು. ಸ್ವಲ್ಪ ತಡೆದು ಇನ್ನೊಂದು.

ಅಚ್ಚಪ್ಪ ತಲೆಯಾಡಿಸಿ, ಮಗ್ಗನ್ನು ತುಟಿಗೆತ್ತಿ ಕುಡಿಯತೊಡಗಿದ. ಸದ್ದು ದೀಪದ ಮೂಲೆಯಿಂದ ಬಂದದ್ದೋ, ಅದರ ಹಿಂದಿನ ಕೋಣೆಯಿಂದ ಬಂದದ್ದೋ ಎಂದು ಅವಳಿಗೆ ತಿಳಿಯಲಿಲ್ಲ. ಮೆಲ್ಲಗೆ ಹೋಗಿ ಕೋಣೆಯ ಬಾಗಿಲು ಸರಿಸಿದಳು.

ದಿಶಾ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಪೂರ್ತಿ ಎಚ್ಚರವಾಗಿದ್ದಳು. ಅಮ್ಮನನ್ನು ನೋಡಿ ನಗಲಿಲ್ಲ. ಬೆರಳನ್ನು ತುಟಿಯ ಮೇಲಿಟ್ಟುಕೊಂಡು, ಹಜಾರದ ಕಡೆ ಕಣ್ಣು ತೋರಿಸಿ, ಬಾಗಿಲು ಹಾಕು ಎಂದು ಸನ್ನೆ ಮಾಡಿದಳು.

ಸರಸು ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು. ಆ ಚಳಿಗಾಲವೆಲ್ಲ ಅವಳಿಗೆ ಅಷ್ಟು ಭಯವಾಗಿರಲಿಲ್ಲ. ಮಗಳಿಗೆ ಅಪ್ಪನ ಕಾಯಿಲೆ ಬಂದಿರಲಿಲ್ಲ. ಕದ್ದು ಮದ್ದು ಕುಡಿಸುವ ತನ್ನದು ಬಂದಿತ್ತು. ಹಜಾರದಲ್ಲಿ ಅಚ್ಚಪ್ಪ ಕಾಫಿ ಮುಗಿಸಿ, ಖಾಲಿ ಮಗ್ಗನ್ನು ಮೇಜಿನ ಮೇಲೆ ಬೋರಲು ಹಾಕಿದ.